ಕಾಟಾ ಚೀಟಿಯಿಂದ ತೂಕ ಹೆಚ್ಚುವುದಿಲ್ಲ

ಪ್ರಶ್ನೆ: ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಬಳಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ಹನ್ನೊಂದು ಜನ ಕೆಲಸಗಾರರು. ಒಂದು ದೊಡ್ಡ ಕಬ್ಬಿಣದ ಕಾರ್ಖಾನೆಗೆ ಹಾಪರ್, ತಗಡಿನ ಕೊಳವೆ ಮಾಡಿಕೊಡುತ್ತೇನೆ. ಕಳೆದ ತಿಂಗಳು ಅವರಿಂದ ಇಪ್ಪತ್ತೆಂಟು ಪುಟದ ಪ್ರಶ್ನಾವಳಿ ಬಂದಿದೆ: ಎಷ್ಟು ನೀರು ಬಳಸುತ್ತೀರಿ, ಎಷ್ಟು ಇಂಗಾಲ ಬಿಡುತ್ತೀರಿ, ಮಹಿಳೆಯರು ಎಷ್ಟು ಎಂದೆಲ್ಲ. ಕೇಳಿದರೆ ‘ಸುಸ್ಥಿರತೆ ವರದಿಗೆ ಬೇಕು’ ಎನ್ನುತ್ತಾರೆ. ಅದೇ ಕಂಪನಿಯ ಒಂದಷ್ಟು ಷೇರುಗಳೂ ನನ್ನ ಬಳಿ ಇವೆ. ಇಂಥ ವರದಿಯನ್ನು ಚೆನ್ನಾಗಿ ಕೊಡುವ ಕಂಪನಿಗಳು ಹೆಚ್ಚು ಲಾಭ ಗಳಿಸುತ್ತವೆ ಎಂದು ಅಧ್ಯಯನಗಳೇ ಹೇಳಿವೆ ಎನ್ನುತ್ತಾರೆ ನನ್ನ ಷೇರು ದಲ್ಲಾಳಿ. ಇತ್ತ ಬೆಳಿಗ್ಗೆ ಎದ್ದು ಮನೆಯ ಮಾಳಿಗೆಯ ಮೇಲೆ ಬೆರಳು ಎಳೆದರೆ ಕಪ್ಪು ಗೆರೆ ಮೂಡುತ್ತದೆ. ವರದಿಯಲ್ಲಿ ಮಾತ್ರ ‘ಎಲ್ಲವೂ ಮಿತಿಯೊಳಗಿದೆ’ ಎಂದಿದೆ. ಇದರಲ್ಲಿ ಯಾವುದನ್ನು ನಂಬಲಿ?

ಉತ್ತರ: ಮೂರನ್ನೂ ನಂಬಬಹುದು. ಪ್ರಶ್ನಾವಳಿ ಕಳುಹಿಸಿದವರು ಸುಳ್ಳು ಹೇಳಿಲ್ಲ, ದಲ್ಲಾಳಿ ಕಥೆ ಕಟ್ಟಿಲ್ಲ, ನಿಮ್ಮ ಬೆರಳಿಗಂತೂ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ತೊಡಕೆಂದರೆ, ಮೂರೂ ಅಳೆಯುತ್ತಿರುವುದು ಬೇರೆ ಬೇರೆ ವಸ್ತುವನ್ನು. ನಾನು ಬಳ್ಳಾರಿಯಲ್ಲಿ ಲೆಕ್ಕಪರಿಶೋಧಕ. ಇಪ್ಪತ್ತು ವರ್ಷ ರೂಪಾಯಿಯ ಲೆಕ್ಕ ನೋಡಿದವನು ಈಚೆಗೆ ನೀರು, ಕಲ್ಲಿದ್ದಲು, ಗಾಯಗೊಂಡವರ ಲೆಕ್ಕವನ್ನೂ ನೋಡತೊಡಗಿದ್ದೇನೆ. ಹೀಗಾಗಿ ಉತ್ತರ ತುಸು ಉದ್ದವಾಗುತ್ತದೆ, ಸೈರಿಸಿಕೊಳ್ಳಿ.

ದಲ್ಲಾಳಿಯ ಮಾತಿನಿಂದ ಶುರು ಮಾಡೋಣ. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅದುವರೆಗೆ ಜಗತ್ತಿನಲ್ಲಿ ನಡೆದ ಸುಮಾರು 2,200 ಅಧ್ಯಯನಗಳನ್ನು ಒಟ್ಟಿಗೆ ಹರವಿಕೊಂಡು ನೋಡಿತು. ಪರಿಸರ, ಸಮಾಜ, ಆಡಳಿತದಲ್ಲಿ ಕಂಪನಿ ಹೇಗಿದೆ ಎಂಬುದಕ್ಕೂ ಅದರ ಹಣಕಾಸಿನ ಸಾಧನೆಗೂ ಇರುವ ನಂಟು ಸುಮಾರು ಶೇ 90ರಷ್ಟು ಅಧ್ಯಯನಗಳಲ್ಲಿ ‘ಋಣಾತ್ಮಕವಾಗಿರಲಿಲ್ಲ’. ದಲ್ಲಾಳಿ ಹೇಳುವುದು ಬಹುಶಃ ಇದನ್ನೇ. ಆದರೆ ‘ಋಣಾತ್ಮಕವಲ್ಲ’ ಎನ್ನುವ ಚೀಲದೊಳಗೆ ‘ನಂಟೇ ಕಾಣಲಿಲ್ಲ’ ಎನ್ನುವ ಅಧ್ಯಯನಗಳೂ ಇವೆ. ಷೇರು ಮಾರುವವರ ಬಾಯಿಗೆ ಬರುವಷ್ಟರಲ್ಲಿ ಅವು ದಾರಿಯಲ್ಲಿ ಎಲ್ಲೋ ಉದುರಿಹೋಗಿರುತ್ತವೆ.

ನಂಟು ಇದೆ ಎಂದೇ ಇಟ್ಟುಕೊಳ್ಳಿ. ಯಾವುದರಿಂದ ಯಾವುದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ದೊಡ್ಡ ಮನೆತನದ ಮದುವೆಯ ಆಮಂತ್ರಣ ಪತ್ರಿಕೆ ದಪ್ಪಗಿರುತ್ತದೆ, ಅದಕ್ಕೆ ಜರಿಯ ಅಂಚೂ ಇರುತ್ತದೆ. ಪತ್ರಿಕೆ ದಪ್ಪಗಿದ್ದುದರಿಂದ ಮನೆತನ ದೊಡ್ಡದಾಯಿತೆಂದು ಯಾರೂ ಹೇಳುವುದಿಲ್ಲ. ಲಾಭ ಚೆನ್ನಾಗಿರುವ ಕಂಪನಿಗೆ ಸುಸ್ಥಿರತೆ ವಿಭಾಗ ತೆರೆಯಲು, ಸಲಹೆಗಾರರನ್ನು ಇಟ್ಟುಕೊಳ್ಳಲು, ಹಸಿರು ಎಲೆಯ ಚಿತ್ರವಿರುವ ನೂರೈವತ್ತು ಪುಟ ಅಚ್ಚು ಹಾಕಿಸಲು ಹಣವಿರುತ್ತದೆ. ನಷ್ಟದಲ್ಲಿರುವ ಕಂಪನಿ ಮೊದಲು ಕತ್ತರಿ ಹಾಕುವುದು ಇಂಥ ಖರ್ಚಿಗೇ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದದ್ದು. ಕಬ್ಬಿಣದ ಊರಿನಲ್ಲಿರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ವರದಿಗಳಲ್ಲಿ ‘ಇಂಗಾಲದ ತೀವ್ರತೆ’ ಎಂಬ ಅಂಕಿ ಇರುತ್ತದೆ. ಸಾಮಾನ್ಯವಾಗಿ ಅದು ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಹೊರಸೂಸುವಿಕೆ ಎಂಬ ಲೆಕ್ಕ. ಒಂದು ಕಾರ್ಖಾನೆ ವರ್ಷಕ್ಕೆ 10 ಲಕ್ಷ ಟನ್ ಉಕ್ಕು ತಯಾರಿಸಿ 25 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎನ್ನಿ. ಉಕ್ಕಿನ ಬೆಲೆ ಟನ್ನಿಗೆ 45,000 ರೂಪಾಯಿ ಇದ್ದ ವರ್ಷ ವಹಿವಾಟು 4,500 ಕೋಟಿ. ಕೋಟಿ ರೂಪಾಯಿಗೆ ಸುಮಾರು 556 ಟನ್. ಮರುವರ್ಷ ಬೆಲೆ 60,000ಕ್ಕೆ ಏರಿತು. ವಹಿವಾಟು 6,000 ಕೋಟಿ, ತೀವ್ರತೆ 417 ಟನ್. ಕುಲುಮೆಗೆ ಹಾಕುವ ಕಲ್ಲಿದ್ದಲಿನಲ್ಲಿ ಒಂದು ಬುಟ್ಟಿಯೂ ಕಡಿಮೆಯಾಗಿಲ್ಲ, ಆದರೆ ವರದಿಯಲ್ಲಿ ಇಳಿಮುಖದ ಹಸಿರು ಬಾಣ, ‘ಶೇ 25 ಸುಧಾರಣೆ’. ಅದೇ ವರ್ಷ ಬೆಲೆ ಏರಿದ್ದರಿಂದ ಲಾಭವೂ ಏರಿರುತ್ತದೆ. ದೂರದ ಸಂಶೋಧಕರೊಬ್ಬರು ಎರಡೂ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ ಸುಸ್ಥಿರತೆಗೂ ಲಾಭಕ್ಕೂ ಗಟ್ಟಿ ನಂಟು ಕಾಣುತ್ತದೆ. ಎರಡನ್ನೂ ಎತ್ತಿದ್ದು ಮಾರುಕಟ್ಟೆಯ ಬೆಲೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ನೀವು ನೋಡಬೇಕಾದ್ದು ಪ್ರತಿ ರೂಪಾಯಿಯ ಅಂಕಿಯನ್ನಲ್ಲ, ಪ್ರತಿ ಟನ್ ಉತ್ಪನ್ನದ ಅಂಕಿಯನ್ನು. ಈಗಿನ ನಮೂನೆಯಲ್ಲಿ ಅದಕ್ಕೂ ಒಂದು ಸಾಲು ಇದೆ.

ನಮೂನೆ ಎಂದೆ, ಅದರ ಹುಟ್ಟನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಷೇರುಪೇಟೆಯ ನಿಯಂತ್ರಕ ಸೆಬಿ 2012ರಲ್ಲಿ ಮೊದಲ 100 ದೊಡ್ಡ ಕಂಪನಿಗಳಿಗೆ ಹೊಣೆಗಾರಿಕೆ ವರದಿಯನ್ನು ಕಡ್ಡಾಯ ಮಾಡಿತು. 2021ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ, ಬಂತು. 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಿಗೆ ಇದು ಕಡ್ಡಾಯ. 2023ರ ಜುಲೈನಲ್ಲಿ ಅದರೊಳಗಿನ ಒಂಬತ್ತು ವಿಷಯಗಳನ್ನು ‘ಬಿಆರ್‌ಎಸ್‌ಆರ್ ಕೋರ್’ ಎಂದು ಬೇರ್ಪಡಿಸಿ, ಆ ಅಂಕಿಗಳನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು ಎಂದರು. ಆ ನಿಯಮ ಮೊದಲು 150 ಕಂಪನಿಗಳಿಗೆ ಅನ್ವಯಿಸಿ, ವರ್ಷದಿಂದ ವರ್ಷಕ್ಕೆ 250, 500 ಎಂದು ಹಿಗ್ಗುತ್ತಾ 1,000ಕ್ಕೆ ಮುಟ್ಟುತ್ತದೆ. ಇದನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಜೊತೆ ಬೆರೆಸಬೇಡಿ. ಶಾಲೆಗೆ ಬಣ್ಣ, ಊರಿಗೆ ಆಂಬುಲೆನ್ಸ್ ಕೊಡುವುದು 2013ರ ಕಂಪನಿ ಕಾಯ್ದೆಯಡಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡುವ ಬಾಬತ್ತು. ಆ ಕಡ್ಡಾಯ ಖರ್ಚಿನ ಬಿಸಿ ತಟ್ಟಿದ ಕಂಪನಿಗಳ ಷೇರು ಮೌಲ್ಯ ಸರಾಸರಿ ಶೇ 4.1ರಷ್ಟು ಇಳಿಯಿತೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ಕಂಡುಕೊಂಡಿದೆ. ದಾನಕ್ಕೂ ಲೆಕ್ಕ ಒಪ್ಪಿಸುವುದಕ್ಕೂ ವ್ಯತ್ಯಾಸವಿದೆ.

ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ಲಾಭ ಬರುತ್ತದೆಯೇ? ನಮ್ಮ ಭಾಗದಲ್ಲಿ ಲಾರಿ ಕಾಟಾದ ಮೇಲೆ ನಿಂತು ಚೀಟಿ ತೆಗೆದುಕೊಳ್ಳುವುದನ್ನು ನೋಡದವರು ಯಾರಿದ್ದಾರೆ? ಚೀಟಿಯಿಂದ ಅದಿರಿನ ತೂಕ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆದರೆ ಆ ಚೀಟಿಯನ್ನು ಮುಂದೆ ಯಾರೋ ನೋಡುತ್ತಾರೆ, ಅದರ ಮೇಲೆ ಹಣ ಕೊಡುತ್ತಾರೆ ಅಥವಾ ದಂಡ ಹಾಕುತ್ತಾರೆ ಎಂದಾದಾಗ ತುಂಬುವವನ ಕೈ, ಓಡಿಸುವವನ ಕಾಲು ಎರಡೂ ಬದಲಾಗುತ್ತವೆ. ಯಾರೂ ನೋಡದ ಚೀಟಿ ಹೋಟೆಲಿನಲ್ಲಿ ಮಂಡಕ್ಕಿ ಕಟ್ಟಿಕೊಡಲು ಹೋಗುತ್ತದೆ. ಸುಸ್ಥಿರತೆ ವರದಿಯ ಕಥೆಯೂ ಇಷ್ಟೇ ಎಂಬುದು ನನ್ನ ಅನುಭವ. ಅಂಕಿಗೆ ಒಬ್ಬ ಕಟ್ಟುನಿಟ್ಟಿನ ಗಿರಾಕಿ ಇದ್ದರೆ ಅದು ಕಂಪನಿಯ ನಡೆಯನ್ನು ಬದಲಿಸುತ್ತದೆ. ನಡೆ ಬದಲಾದಾಗ ಲಾಭ ಏರಲೂಬಹುದು, ಇಳಿಯಲೂಬಹುದು.

ಇಳಿಯುವ ಮಾತನ್ನು ದಲ್ಲಾಳಿಗಳು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಅಮೆರಿಕದಲ್ಲಿ 2010ರ ಡಾಡ್–ಫ್ರಾಂಕ್ ಕಾಯ್ದೆ, ಗಣಿಗಳಿರುವ ಪಟ್ಟಿಯಾದ ಕಂಪನಿಗಳು ತಮ್ಮ ಗಣಿಗಳ ಸುರಕ್ಷತಾ ಉಲ್ಲಂಘನೆಗಳನ್ನು ಹಣಕಾಸು ವರದಿಯಲ್ಲೇ ನಮೂದಿಸಬೇಕು ಎಂದಿತು. ಆ ಮಾಹಿತಿ ಅದಕ್ಕೂ ಮೊದಲೇ ಸರ್ಕಾರಿ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಅಂದರೆ ಹೊಸ ಸುದ್ದಿಯೇನೂ ಹೊರಬಂದಿರಲಿಲ್ಲ, ಹಳೆಯ ಸುದ್ದಿ ಹೂಡಿಕೆದಾರರ ಕಣ್ಣೆದುರಿಗೆ ಬಂದು ಕುಳಿತಿತ್ತು, ಅಷ್ಟೇ. ಪಟ್ಟಿಯಾದ ಕಂಪನಿಗಳ ಗಣಿಗಳನ್ನು ಉಳಿದ ಗಣಿಗಳ ಜೊತೆ ಹೋಲಿಸಿದ ಸಂಶೋಧಕರಿಗೆ ಕಂಡದ್ದು: ಉಲ್ಲಂಘನೆಗಳು ಕಡಿಮೆಯಾದವು, ಗಾಯಗಳೂ ಕಡಿಮೆಯಾದವು, ಜೊತೆಗೆ ಕಾರ್ಮಿಕರ ಉತ್ಪಾದಕತೆಯೂ ತುಸು ಇಳಿಯಿತು. ಚೀನಾದಲ್ಲಿ 2008ರಲ್ಲಿ ಕೆಲವು ಪಟ್ಟಿಯಾದ ಕಂಪನಿಗಳಿಗೆ ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯ ಮಾಡಿದರು. ಹಣ ಖರ್ಚು ಮಾಡಿ ಎನ್ನಲಿಲ್ಲ, ಹೇಳಿಕೊಳ್ಳಿ ಎಂದರು. ಆ ಕಂಪನಿಗಳ ಲಾಭದ ಪ್ರಮಾಣ ಇಳಿಯಿತು. ಅಂಥ ಕಂಪನಿಗಳು ಹೆಚ್ಚಾಗಿದ್ದ ನಗರಗಳಲ್ಲಿ ಕೈಗಾರಿಕಾ ತ್ಯಾಜ್ಯ ನೀರು, ಗಂಧಕದ ಡೈಆಕ್ಸೈಡ್ ಕೂಡ ಇಳಿದವು. ನಷ್ಟವಾಯಿತು ಎಂದು ಇದನ್ನು ಓದುವವರಿದ್ದಾರೆ. ನಾನು ಓದುವುದು ಬೇರೆ ರೀತಿ: ಅದಕ್ಕೆ ಮೊದಲಿನ ಲಾಭದಲ್ಲಿ ಒಂದು ಪಾಲು ಕಂಪನಿ ದುಡಿದದ್ದಾಗಿರಲಿಲ್ಲ, ಊರಿನವರ ಉಸಿರಿನಿಂದ ಕಡ ತಂದದ್ದಾಗಿತ್ತು.

ಕಡದ ಮಾತು ಬಂದಾಗ ಬಳ್ಳಾರಿಯವನಾದ ನನಗೆ 2011 ನೆನಪಾಗದೆ ಇರುವುದಿಲ್ಲ. ಅದಕ್ಕೆ ಹಿಂದಿನ ಮೂರ್ನಾಲ್ಕು ವರ್ಷ ಅದಿರಿನ ವ್ಯವಹಾರದಲ್ಲಿದ್ದವರ ಲೆಕ್ಕಪುಸ್ತಕ ನೋಡಿದ್ದರೆ ಕಣ್ಣು ಕುಕ್ಕುತ್ತಿತ್ತು. ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಸಲ್ಲಿಸಿದರು; ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರಿನ ರಸ್ತೆಯಲ್ಲಿ ಸಾಲುಗಟ್ಟಿ ಓಡುತ್ತಿದ್ದ ಟಿಪ್ಪರ್‌ಗಳು ಮನೆ ಮುಂದೆ ನಿಂತವು, ಕಂತು ಕಟ್ಟಲಾಗದೆ ಎಷ್ಟೋ ಜನ ಅವನ್ನು ಫೈನಾನ್ಸಿನವರಿಗೆ ಬಿಟ್ಟುಕೊಟ್ಟರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮ ಹೆಚ್ಚಾಗಿ ಕಂಡ ‘ಸಿ’ ವರ್ಗದ ಗುತ್ತಿಗೆಗಳೇ ರದ್ದಾದವು. ಉಳಿದವರು ಗಾಯಗೊಂಡ ಗುಡ್ಡವನ್ನು ಸರಿಪಡಿಸುವ ಪುನಶ್ಚೇತನ ಯೋಜನೆಗೆ ಒಪ್ಪಿ, ಇಡೀ ಜಿಲ್ಲೆಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ ಎಂಬ ಮಿತಿಯೊಳಗೆ ಕೆಲಸ ಮಾಡಬೇಕಾಯಿತು. ಗುತ್ತಿಗೆಯ ಗಡಿ ಎಷ್ಟು ಮೀಟರ್ ಒತ್ತುವರಿಯಾಗಿದೆ, ಮಣ್ಣು ಎಲ್ಲಿ ಸುರಿದಿದೆ ಎಂಬ ಎರಡು ಸಾಲು 2009ರ ವಾರ್ಷಿಕ ವರದಿಗಳಲ್ಲಿ ಪ್ರಾಮಾಣಿಕವಾಗಿ ಇದ್ದಿದ್ದರೆ, ಸಾಲ ಕೊಟ್ಟ ಬ್ಯಾಂಕುಗಳಿಗೂ ಷೇರು ಕೊಂಡವರಿಗೂ ಮುಂದಿನ ಗುಂಡಿ ಕಾಣುತ್ತಿತ್ತು. ಪರಿಸರದ ಅಂಕಿಗೂ ಕಂಪನಿಯ ಸಾಧನೆಗೂ ಇರುವ ನಂಟು ವರ್ಷ ವರ್ಷದ ಲಾಭದಲ್ಲಿ ಸಣ್ಣಗೆ ತೋರಿಕೊಳ್ಳುವಂಥದ್ದಲ್ಲ. ಹತ್ತು ವರ್ಷ ಸುಮ್ಮನಿದ್ದು ಒಂದು ದಿನ ಇಡಿಯಾಗಿ ಬಂದು ಬಾಗಿಲು ಬಡಿಯುತ್ತದೆ.

ವರದಿಯೇ ಸುಳ್ಳಾದರೆ? ಬ್ರೆಜಿಲ್‌ನ ವಾಲೆ ಜಗತ್ತಿನ ಅತಿದೊಡ್ಡ ಕಬ್ಬಿಣದ ಅದಿರು ಕಂಪನಿಗಳಲ್ಲಿ ಒಂದು. 2019ರ ಜನವರಿ 25ರಂದು ಬ್ರುಮಾಡಿನ್ಯೋ ಎಂಬಲ್ಲಿ ಅದರ ಅದಿರು ಕೆಸರಿನ ಅಣೆಕಟ್ಟೆ ಒಡೆದು 270 ಜನ ಸತ್ತರು. ಮುಂದಿನ ವಹಿವಾಟಿನ ದಿನ ಷೇರು ಬೆಲೆ ಸುಮಾರು ಕಾಲು ಭಾಗ ಕುಸಿಯಿತು. ಅಣೆಕಟ್ಟೆಯ ಸುರಕ್ಷತೆಯ ಬಗ್ಗೆ ಸುಸ್ಥಿರತೆ ವರದಿಗಳಲ್ಲಿ ಹೂಡಿಕೆದಾರರ ದಾರಿ ತಪ್ಪಿಸಿದ್ದಾರೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2022ರಲ್ಲಿ ದಾವೆ ಹೂಡಿದರು. ಮರುವರ್ಷ ಕಂಪನಿ 5.59 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಸುಸ್ಥಿರತೆ ವರದಿ ಎಂದರೆ ಚಿತ್ರಪುಸ್ತಕ, ಅದರಲ್ಲಿ ಏನು ಬರೆದರೂ ನಡೆಯುತ್ತದೆ ಎಂದುಕೊಂಡಿದ್ದವರಿಗೆ ಅಂದು ಬೆವರಿಳಿಯಿತು.

ಸುಳ್ಳು ಯಾವಾಗಲೂ ದೊಡ್ಡದಾಗಿ, ಬೇಕೆಂದೇ ಇರುತ್ತದೆ ಎಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಾರ್ಖಾನೆಗೆ ನೀರಿನ ಅಂಕಿ ತಾಳೆ ನೋಡಲು ಹೋಗಿದ್ದೆ. ಹೆಸರು ಬೇಡ. ಪಂಪ್‌ಹೌಸಿನ ದಾಖಲೆ ಪುಸ್ತಕದಲ್ಲಿ ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ, ನೀಲಿ ಶಾಯಿಯಲ್ಲಿ 1,840 ಘನ ಮೀಟರ್ ಎಂದು ಬರೆದಿತ್ತು. ಯುಗಾದಿಯಂದು 1,840. ಕುಲುಮೆ ದುರಸ್ತಿಗೆಂದು ಒಂಬತ್ತು ದಿನ ಎಲ್ಲವೂ ನಿಂತಿದ್ದಾಗಲೂ 1,840. ಮೀಟರ್ ತೋರಿಸಿ ಎಂದೆ. ಗಾಜು ಒಡೆದಿತ್ತು, ಒಳಗೆ ಜೇಡ ಬಲೆ ಕಟ್ಟಿ, ಮುಳ್ಳಿನಿಂದ ಅಂಚಿಗೆ ಒಂದು ಎಳೆ ಎಳೆದಿತ್ತು. ಆ ಮುಳ್ಳು ಬಹಳ ದಿನಗಳಿಂದ ಅಲುಗಾಡಿಲ್ಲ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ‘ಮೀಟರ್ ನಿಂತು ಬಹಳ ದಿನವಾಯಿತು ಸರ್, ಪಂಪಿನ ಸಾಮರ್ಥ್ಯವನ್ನು ಗಂಟೆಗೆ ಗುಣಿಸಿ ಬರೆಯಲು ಹೇಳಿದ್ದಾರೆ’ ಎಂದ ಆಪರೇಟರ್. ಅವನದೇನೂ ತಪ್ಪಿಲ್ಲ. ಆ ಪುಸ್ತಕವನ್ನು ಅದುವರೆಗೆ ಯಾರೂ ಓದಿರಲೇ ಇಲ್ಲ.

ಹೊಸ ಮೀಟರ್ ಕೂಡಿಸಿದಾಗ ನಿಜವಾದ ಬಳಕೆ 2,260 ಎಂದು ಗೊತ್ತಾಯಿತು. ಹುಡುಕಿದರೆ, ಕಿಟ್ಟದ ರಾಶಿಯ ಕೆಳಗೆ ಹೋಗಿದ್ದ ಹಳೆಯ ಕೊಳವೆ ಒಡೆದು ನೀರು ನೆಲಕ್ಕೆ ಇಂಗುತ್ತಿತ್ತು. ಸರಿಪಡಿಸಿದ ಮೇಲೆ ಬಳಕೆ 1,950ಕ್ಕೆ ಇಳಿಯಿತು. ಈಗ ಗಮನಿಸಿ: ಕಾರ್ಖಾನೆ ನಿಜವಾಗಿ ಉಳಿಸಿದ್ದು ಶೇ 14ರಷ್ಟು ನೀರು. ಆದರೆ ವರದಿಯಲ್ಲಿ ಹಿಂದಿನ ವರ್ಷದ 1,840ರ ಪಕ್ಕ ಈ ವರ್ಷದ 1,950 ಕುಳಿತು, ಬಳಕೆ ಶೇ 6 ಏರಿದಂತೆ ಕಂಡಿತು. ವರದಿ ಕೆಟ್ಟಿತು, ಕಾರ್ಖಾನೆ ಸುಧಾರಿಸಿತು. ಮುಂಬೈಯಲ್ಲಿ ಕುಳಿತು ಕಂಪನಿಗಳ ಸುಸ್ಥಿರತೆಗೆ ಅಂಕ ಕೊಡುವವರು ಯಾವುದನ್ನು ನೋಡುತ್ತಾರೆ, ನೀವೇ ಹೇಳಿ. ಅಂದಿನಿಂದ ನನಗೆ ಒಂದು ಅಭ್ಯಾಸವಾಗಿದೆ. ವರ್ಷಾನುಗಟ್ಟಲೆ ನಯವಾಗಿ, ಮೆಟ್ಟಿಲಿನಂತೆ ಇಳಿದುಬರುವ ಅಂಕಿಗಳನ್ನು ಕಂಡರೆ ಅನುಮಾನ. ನಡುವೆ ಒಮ್ಮೆ ಎಡವಿ, ಕೆಳಗೆ ಟಿಪ್ಪಣಿಯಲ್ಲಿ ‘ಹಿಂದಿನ ಅಂಕಿ ತಪ್ಪಾಗಿತ್ತು, ಕಾರಣ ಇದು’ ಎಂದು ಬರೆದುಕೊಂಡ ಕಂಪನಿಯ ಮೇಲೆ ನಂಬಿಕೆ.

ಅಂಕ ಕೊಡುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆರು ಪ್ರಮುಖ ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಹೋಲಿಸಿದ 2022ರ ಸಂಶೋಧನೆಯಲ್ಲಿ ಅವುಗಳ ನಡುವಿನ ಸಹಸಂಬಂಧ (ಪೂರ್ತಿ ತಾಳೆಯಾದರೆ 1) ಸರಾಸರಿ 0.54. ಸಾಲದ ರೇಟಿಂಗ್ ಕೊಡುವ ಸಂಸ್ಥೆಗಳ ನಡುವೆ ಅದು 0.9ಕ್ಕಿಂತ ಹೆಚ್ಚು. ಒಂದೇ ಭತ್ತದ ಮೂಟೆಯನ್ನು ಗಂಗಾವತಿಯ ಆರು ಅಂಗಡಿಗಳಲ್ಲಿ ತೂಗಿ ಆರು ತೂಕ ಬಂದರೆ ರೈತ ಏನು ಮಾಡುತ್ತಾನೋ ನೀವೂ ಅದನ್ನೇ ಮಾಡಿ.

ಹಾಗಾದರೆ ವರದಿಯಲ್ಲಿ ಏನು ಓದಬೇಕು? ತನ್ನ ಉದ್ಯಮಕ್ಕೆ ನಿಜವಾಗಿ ತಟ್ಟುವ ವಿಷಯಗಳಲ್ಲಿ ಸುಧಾರಿಸಿದ ಕಂಪನಿಗಳು ಷೇರುಪೇಟೆಯಲ್ಲಿ ಮುಂದೆ ಹೋದವು, ತಟ್ಟದ ವಿಷಯಗಳಲ್ಲಿ ಸುಧಾರಿಸಿದವುಗಳಿಗೆ ಅಂಥ ಲಾಭ ಕಾಣಲಿಲ್ಲ ಎಂದು ಅಮೆರಿಕದ ಕಂಪನಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾದ ಅಧ್ಯಯನ ಇದು. ಬ್ಯಾಂಕಿಗೆ ನೀರಿನ ಲೆಕ್ಕ ಅಷ್ಟಾಗಿ ತಟ್ಟುವುದಿಲ್ಲ. ಕಬ್ಬಿಣದ ಕಾರ್ಖಾನೆಗೆ ಕಲ್ಲಿದ್ದಲು, ನೀರು, ಅಪಘಾತ ಮೂರೂ ತಟ್ಟುತ್ತವೆ. ಆಡಳಿತ ಕಚೇರಿಯ ಎಲ್‌ಇಡಿ ದೀಪಗಳು ತಟ್ಟುವುದಿಲ್ಲ. ಆದರೆ ಫೋಟೊ ಇರುವುದು ದೀಪಗಳದ್ದೇ.

ಇಂಗಾಲದ ಅಂಕಿಗೆ ಈಗ ಕಟ್ಟುನಿಟ್ಟಿನ ಗಿರಾಕಿ ಹುಟ್ಟಿದ್ದಾನೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಆಮದು ಉಕ್ಕಿನ ಇಂಗಾಲದ ಲೆಕ್ಕ ಕೇಳುತ್ತಿತ್ತು. 2026ರ ಜನವರಿ 1ರಿಂದ ಅದರ ಮೇಲೆ ಶುಲ್ಕದ ಹೊಣೆಯೂ ಬಿದ್ದಿದೆ. ಪರಿಶೀಲಿಸಿದ ಅಂಕಿ ಕೊಡದವರಿಗೆ ಅವರೇ ಗೊತ್ತುಮಾಡಿದ ಅಂಕಿ ಅನ್ವಯವಾಗುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ನಮ್ಮ ಉಕ್ಕು ಸಚಿವಾಲಯವೂ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ನಕ್ಷತ್ರ ಕೊಡುವ ಪದ್ಧತಿ ತಂದಿತು: ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲವಿದ್ದರೆ ಮಾತ್ರ ಹಸಿರು, 1.6ಕ್ಕಿಂತ ಕಡಿಮೆಯಿದ್ದರೆ ಐದು ನಕ್ಷತ್ರ. ಕಲ್ಲಿದ್ದಲಿನಿಂದ ನಡೆಯುವ ಸ್ಪಾಂಜ್ ಐರನ್ ಘಟಕಗಳು ತುಂಬಿರುವ ನಮ್ಮ ಎರಡು ಜಿಲ್ಲೆಗಳಿಗೆ ಇದು ಸಣ್ಣ ಮಾತಲ್ಲ. ಇಲ್ಲಿ ಅಂಕಿ ನೇರವಾಗಿ ರೂಪಾಯಿಯಾಗುತ್ತದೆ, ಅಧ್ಯಯನ ಬೇಕಾಗಿಲ್ಲ.

ನೀರಿಗೆ ತುಂಗಭದ್ರೆಯೇ ಗಿರಾಕಿ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸಿಂಧನೂರು, ಮಾನ್ವಿಯ ಭತ್ತದ ರೈತರು ನಿದ್ದೆಗೆಟ್ಟರು. ಅದೇ ನೀರನ್ನು ನೆಚ್ಚಿಕೊಂಡ ಕಾರ್ಖಾನೆಗಳಿಗೂ ಅದು ಎಚ್ಚರಿಕೆಯ ಗಂಟೆಯೇ. ಬಿಆರ್‌ಎಸ್‌ಆರ್‌ನ ಮೊದಲ ಭಾಗದ ಕೊನೆಗೆ ಕಂಪನಿ ತನ್ನ ಮುಖ್ಯ ಅಪಾಯ ಮತ್ತು ಅವಕಾಶಗಳನ್ನು, ಹಣಕಾಸಿನ ಪರಿಣಾಮ ಸಮೇತ ಹೇಳಬೇಕಾದ ಕೋಷ್ಟಕವಿದೆ. ನಿಮ್ಮ ಕಂಪನಿ ಅಲ್ಲಿ ನೀರಿನ ಬಗ್ಗೆ ಏನು ಬರೆದಿದೆ ನೋಡಿ. ಏನೂ ಬರೆದಿಲ್ಲವೆಂದರೆ ಅದು ಕೂಡ ಒಂದು ಉತ್ತರ. ಅಪಘಾತದ ಅಂಕಿ ನೋಡುವಾಗ ನೌಕರರ ಸಾಲನ್ನು ಬಿಟ್ಟು ಕಾರ್ಮಿಕರ ಸಾಲನ್ನು ನೋಡಿ; ಗುತ್ತಿಗೆ ಕಾರ್ಮಿಕರು ಸಾವಿರಾರು ಇದ್ದೂ ಗಾಯ ಸೊನ್ನೆ ಎಂದಿದ್ದರೆ, ಆ ಸೊನ್ನೆ ಸುರಕ್ಷತೆಯದ್ದೋ ಲೆಕ್ಕಕ್ಕೆ ಹಿಡಿಯದಿರುವುದರದ್ದೋ ಎಂದು ವಾರ್ಷಿಕ ಸಭೆಯಲ್ಲಿ ಕೇಳಿ. ಒಂದೇ ಷೇರಿದ್ದರೂ ಕೇಳುವ ಹಕ್ಕು ನಿಮಗಿದೆ.

ಇನ್ನು ಮಾಳಿಗೆಯ ಕಪ್ಪು ಗೆರೆ. ಬಿಆರ್‌ಎಸ್‌ಆರ್ ಕಂಪನಿಯ ವರದಿ, ಕಾರ್ಖಾನೆಯದ್ದಲ್ಲ. ಐದು ರಾಜ್ಯಗಳಲ್ಲಿ ಏಳು ಘಟಕಗಳಿದ್ದರೆ ಏಳರ ಧೂಳೂ ಕೂಡಿ ಒಂದೇ ಅಂಕಿ. ಅದೂ ಹೊರಗಿನವರ ಪರಿಶೀಲನೆಗೆ ಒಳಪಡುವ ‘ಕೋರ್’ ಪಟ್ಟಿಯಲ್ಲಿಲ್ಲ. ಇನ್ನೂ ಒಂದು ಸಂಗತಿಯಿದೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡ 12 ಮಾಲಿನ್ಯಕಾರಕಗಳಿಗೆ ಮಿತಿ ಹಾಕಿದೆ. ಅದರಲ್ಲಿ ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಗೆ, ಅಂದರೆ ಪಿಎಂ 10ಕ್ಕೆ, ದಿನದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಮಾಳಿಗೆಯ ಮೇಲೆ, ಹತ್ತಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುವ ದಪ್ಪ ಧೂಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ‘ಎಲ್ಲವೂ ಮಿತಿಯೊಳಗಿದೆ’ ಎನ್ನುವ ವಾಕ್ಯವೂ ನಿಮ್ಮ ಬೆರಳಿನ ಗೆರೆಯೂ ಏಕಕಾಲಕ್ಕೆ ನಿಜವಾಗುವುದು ಹೀಗೆ.

ಹಾಗೆಂದು ಬಿಟ್ಟುಬಿಡಬೇಡಿ. ಪರಿಸರ ಅನುಮತಿ ಪಡೆದ ಪ್ರತಿ ಘಟಕವೂ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಕೊಡಬೇಕು. ಪರಿಸರ ಅನುಮತಿಯ 2006ರ ಅಧಿಸೂಚನೆಯ ಪ್ರಕಾರ ಅವು ಸಾರ್ವಜನಿಕ ದಾಖಲೆಗಳು. ಪ್ರತಿ ಸೆಪ್ಟೆಂಬರ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ‘ನಮೂನೆ 5’ ಎಂಬ ಪರಿಸರ ಹೇಳಿಕೆಯನ್ನೂ ಸಲ್ಲಿಸಬೇಕು. ಇವು ಘಟಕವಾರು ಇರುತ್ತವೆ. ನಿಮಗೆ ಬೇಕಾದ್ದು ಇವೇ. ಷೇರುಪೇಟೆಯಲ್ಲಿಲ್ಲದ ಕಂಪನಿಗಳಿಗೂ ಅನ್ವಯಿಸುತ್ತವೆ ಎನ್ನುವುದು ಇವುಗಳ ಹೆಚ್ಚುಗಾರಿಕೆ. ನಮ್ಮ ಭಾಗದ ಹೊಗೆಯಲ್ಲಿ ದೊಡ್ಡ ಪಾಲು ಬಿಆರ್‌ಎಸ್‌ಆರ್‌ನ ಬೇಲಿಯ ಹೊರಗಿದೆ. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ರಾಜ್ಯ ಸರ್ಕಾರದ ನಿಗಮದ್ದು, ಆ ನಿಗಮ ಷೇರುಪೇಟೆಯಲ್ಲಿಲ್ಲ. ಖಾಸಗಿ ಸ್ಪಾಂಜ್ ಐರನ್ ಘಟಕಗಳಲ್ಲಿ ಹೆಚ್ಚಿನವು, ಅಕ್ಕಿ ಗಿರಣಿಗಳು, ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳು ಯಾವುವೂ ಅದರೊಳಗೆ ಬರುವುದಿಲ್ಲ.

ಕೊನೆಗೆ ನಿಮ್ಮ ಇಪ್ಪತ್ತೆಂಟು ಪುಟ. ಕಾನೂನಿನ ಪ್ರಕಾರ ಕಂಪನಿ ತನ್ನ ಪೂರೈಕೆದಾರರ ವಿವರವನ್ನು ಕೊಡಬೇಕಾದರೆ, ಆ ಪೂರೈಕೆದಾರನ ಪಾಲು ಒಟ್ಟು ಖರೀದಿಯಲ್ಲಿ ಶೇ 2ರಷ್ಟಾದರೂ ಇರಬೇಕು. 1,000 ಕೋಟಿ ಖರೀದಿಸುವ ಕಂಪನಿಗೆ ಅದು 20 ಕೋಟಿ. ನೀವು ಆ ಲೆಕ್ಕಕ್ಕೆ ಬರುವುದಿಲ್ಲ. ಅದೂ ಈಗ ಐಚ್ಛಿಕವಾಗಿಯೇ ಶುರುವಾಗಿದೆ. ಯಾರೋ ಸಲಹೆಗಾರರು ಎಲ್ಲರಿಗೂ ಒಂದೇ ನಮೂನೆ ಕಳುಹಿಸಿದ್ದಾರೆ. ಆದರೂ ತುಂಬಿ ಕಳುಹಿಸಿ, ಗಿರಾಕಿಯ ಮಾತು. ಇಂಗಾಲದ ಲೆಕ್ಕಕ್ಕೆ ಯಾರಿಗೂ ಹಣ ಕೊಡಬೇಡಿ. ಜೆಸ್ಕಾಂ ಬಿಲ್ಲಿನಲ್ಲಿ ತಿಂಗಳಿಗೆ 2,000 ಯೂನಿಟ್ ಇದ್ದರೆ ವರ್ಷಕ್ಕೆ 24,000; ಯೂನಿಟ್ಟಿಗೆ ಸುಮಾರು 0.7 ಕಿಲೋದಂತೆ 16.8 ಟನ್. ಜನರೇಟರಿಗೆ ವರ್ಷಕ್ಕೆ 600 ಲೀಟರ್ ಡೀಸೆಲ್, ಲೀಟರಿಗೆ 2.7 ಕಿಲೋದಂತೆ ಇನ್ನೊಂದು 1.6 ಟನ್. ಒಟ್ಟು ಹದಿನೆಂಟು ಚಿಲ್ಲರೆ. ಹತ್ತು ನಿಮಿಷದ ಕೆಲಸ. ಬೋರ್‌ವೆಲ್‌ಗೆ ಮೀಟರ್ ಇಲ್ಲದಿದ್ದರೆ ನೀರಿನ ಜಾಗದಲ್ಲಿ ‘ಮೀಟರ್ ಇಲ್ಲ’ ಎಂದೇ ಬರೆಯಿರಿ, 1,840 ಎಂದು ಬರೆಯಬೇಡಿ.

ಅವರು ನಿಮ್ಮ ಲೆಕ್ಕ ಕೇಳಿದಂತೆ ನೀವೂ ಅವರ ಒಂದು ಲೆಕ್ಕ ನೋಡಿ. ‘ಕೋರ್’ ಪಟ್ಟಿಯಲ್ಲಿ, ಖರೀದಿಸಿದ ಮಾಲಿಗೆ ಸರಾಸರಿ ಎಷ್ಟು ದಿನಕ್ಕೆ ಹಣ ಕೊಡುತ್ತೇವೆ ಎಂಬ ಅಂಕಿಯೂ ಇದೆ. ಹೆಚ್ಚಿನವರು ಅದನ್ನು ದಾಟಿಕೊಂಡು ಹೋಗುತ್ತಾರೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆಗೆ ತಂದ ತಿದ್ದುಪಡಿಯಂತೆ, ಗಡುವು ಮೀರಿದ ಬಾಕಿಯನ್ನು ಪಾವತಿಸುವವರೆಗೂ ಖರ್ಚೆಂದು ತೋರಿಸುವಂತಿಲ್ಲ. ಪ್ರಶ್ನಾವಳಿಯ ಕೊನೆಯ ಪುಟದಲ್ಲಿ ‘ಇತರೆ ಮಾಹಿತಿ’ ಎಂದು ಖಾಲಿ ಜಾಗ ಇದ್ದೇ ಇರುತ್ತದೆ. ಅಲ್ಲಿ ನಿಮ್ಮ ಕಳೆದ ಹನ್ನೆರಡು ಬಿಲ್ಲುಗಳ ದಿನಾಂಕ, ಹಣ ಜಮೆಯಾದ ದಿನಾಂಕ, ನಡುವಿನ ದಿನಗಳು ಎಂದು ಮೂರು ಕಾಲಂ ಎಳೆದು ತುಂಬಿ. ಪಕ್ಕದಲ್ಲಿ, ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಸಂಖ್ಯೆ ಬರೆಯುವುದನ್ನು ಮರೆಯಬೇಡಿ.